ಬಿಸಿಲ ಸೀಮೆಯ ಅಂಗಳ

ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ತೂಗುವ ಕಲ್ಲಿನ ಬಳೆಗಳ ಸರಪಣಿಯನ್ನು ಕಂಡವರು, ಈ ಸೀಮೆಯ ಶಿಲ್ಪಿಗಳು ಕಲ್ಲಿನ ಗುಣವನ್ನು ಎಷ್ಟು ಬಲ್ಲವರಾಗಿದ್ದರೆಂದು ಬೆರಗಾಗದಿರರು. ಇಂದು ಅಲ್ಲಿಂದ ಕೊಳ್ಳೇಗಾಲದ ಮಾರ್ಗವಾಗಿ ಹನೂರಿಗೆ ಸಾಗುವ ಪಯಣಿಗನಿಗೆ ಹಲವು ಹೊಸ ಮನೆಗಳ ಮುಂದೆ ಕಾಣುವುದು, ಬೀದಿಯಿಂದ ಬಾಗಿಲವರೆಗೆ ವಾಹನಕ್ಕೆಂದು ಹಾಸಿದ ಕಾಂಕ್ರೀಟು. ಇದರ ಗುಣವನ್ನೂ ಅರಿಯಬೇಡವೆ?

ಸುವರ್ಣಾವತಿಯ ಬಯಲನ್ನು ಹಿಂದಿಟ್ಟು ಮಲೆಮಹದೇಶ್ವರನ ಬೆಟ್ಟದತ್ತ ನಡೆದಂತೆ ನೆಲ ಒಣಗುತ್ತದೆ. ಇದು ಮರುಭೂಮಿಯಲ್ಲ, ನಿಜ. ಆದರೆ ಬೇಸಗೆಯ ಬಿಸಿಲೂ ಒಣಗಾಳಿಯೂ ಹಸಿ ಕಾಂಕ್ರೀಟಿಗೆ ಮರುಭೂಮಿಯನ್ನೇ ತೋರಿಸುತ್ತವೆ. ಕಾಂಕ್ರೀಟು ಒಣಗಿ ಗಟ್ಟಿಯಾಗುವುದೆಂಬುದು ಲೋಕದ ನಂಬಿಕೆ. ವಾಸ್ತವದಲ್ಲಿ ಸಿಮೆಂಟು ನೀರಿನೊಡನೆ ಬೆರೆತೇ ಗಟ್ಟಿಯಾಗುತ್ತದೆ. ನೀರು ಬೇಗನೆ ಆರಿಹೋದರೆ ಮೈಯೆಲ್ಲ ಬಿರುಕು, ಮೇಲೆಲ್ಲ ಪುಡಿ.

ಆದುದರಿಂದ ಬಲ್ಲ ಮೇಸ್ತ್ರಿಯು ನೆಲವನ್ನು ಗಟ್ಟಿಸಿ, ನೀರು ಚಿಮುಕಿಸಿ, ತಂಪು ಹೊತ್ತಿನಲ್ಲಿ ಕಾಂಕ್ರೀಟು ಹಾಕುತ್ತಾನೆ. ಕೈಗೆ ಸಲೀಸಾಗಲೆಂದು ನೀರನ್ನು ಹೆಚ್ಚಿಸುವುದಿಲ್ಲ. 4 ಅಂಗುಲ ದಪ್ಪದ ಹಾಸಿಗೆ 8-10 ಅಡಿಗೊಂದರಂತೆ 1 ಅಂಗುಲ ಆಳದ ಸೀಳು ಕೊಡುತ್ತಾನೆ. ಬರುವ ಬಿರುಕು ಅದರೊಳಗೇ ಅಡಗುತ್ತದೆ. ಬಿಸಿಲು ಒಣಹವೆಗಳಲ್ಲಿ ಕನಿಷ್ಠ 10 ದಿನ ಅದನ್ನು ತೇವವಾಗಿಡಬೇಕೆಂದು 2000ದ ಭಾರತೀಯ ಮಾನಕವು ವಿಧಿಸಿದೆ.

ಕೊಡ ನೀರಿಗೂ ಲೆಕ್ಕವಿರುವ ಬೇಸಗೆಯಲ್ಲಿ ಅಂಗಳಕ್ಕೆ ನೀರೆಲ್ಲಿಂದ? ಒದ್ದೆ ಗೋಣಿತಾಟನ್ನೋ ಹುಲ್ಲನ್ನೋ ಹೊದಿಸಿದರೆ ಸ್ವಲ್ಪ ನೀರೇ ಬಹಳ ಹೊತ್ತು ನಿಲ್ಲುತ್ತದೆ. ಅದಕ್ಕಿಂತ ಮೇಲಾದುದು ಕಾಯುವುದು. ಹಿಂಗಾರು ಮಳೆ ಮುಗಿದ ಮಾರ್ಗಶಿರದ ತಂಪಿಗೆ ಈ ಕೆಲಸವನ್ನಿಟ್ಟುಕೊಳ್ಳುವ ಮನೆಯೊಡೆಯನು ಅಂಗಳವನ್ನೂ ಉಳಿಸಿಕೊಳ್ಳುತ್ತಾನೆ, ನೆರೆಯವರ ಕುಡಿಯುವ ನೀರನ್ನೂ ಉಳಿಸುತ್ತಾನೆ.