ಬೆಟ್ಟದ ಮೇಲಿನ ಮೀನುಗಳು

ಅಮೆರಿಕದ ವಯೋಮಿಂಗ್ ರಾಜ್ಯದ ಕೆಮ್ಮರರ್ ಪಟ್ಟಣದ ಹತ್ತಿರ ಫಾಸಿಲ್ ಬ್ಯೂಟ್ ಎಂಬ ಬೋಳು ಬೆಟ್ಟವಿದೆ. ಸಮುದ್ರಮಟ್ಟದಿಂದ 2,000 ಮೀಟರಿಗೂ ಮೇಲೆ. ಒಣಗಾಳಿ, ಚಳಿಗಾಲದಲ್ಲಿ ಹಿಮ. ಆದರೆ ಇಲ್ಲಿನ ಕಲ್ಲಿನ ಪದರ ಬಿಡಿಸಿದರೆ ಒಳಗೆ ಮೀನು!

ಸುಮಾರು 5 ಕೋಟಿ 20 ಲಕ್ಷ ವರ್ಷಗಳ ಹಿಂದೆ ಇಲ್ಲೊಂದು ಸಿಹಿನೀರಿನ ಸರೋವರವಿತ್ತು. ದಡದಲ್ಲಿ ತಾಳೆ ಜಾತಿಯ ಮರಗಳು, ನೀರಿನಲ್ಲಿ ಮೊಸಳೆಗಳು. ಸತ್ತ ಮೀನು ತಳಕ್ಕಿಳಿದು, ಮೇಲೆ ನುಣ್ಣನೆಯ ಸುಣ್ಣದ ಕೆಸರು ಕೂತು, ಒಂದೊಂದು ಮುಳ್ಳೂ ಹಾಗೇ ಉಳಿಯಿತು.

ಹೇರಳವಾಗಿ ಸಿಗುವುದು ನೈಟಿಯಾ. ಹೆಚ್ಚಿನವು ಗೇಣುದ್ದವೂ ಇಲ್ಲ. ನಮ್ಮ ಕರಾವಳಿಯ ಬೂತಾಯಿಗೆ ದೂರದ ನೆಂಟ. ಬೂತಾಯಿಯ ಹೊಟ್ಟೆಯಡಿ ಬೆರಳಾಡಿಸಿದ ಅಜ್ಜಿಯರಿಗೆ ಅಲ್ಲಿನ ಗರಗಸದಂಥ ಅಂಚು ಗೊತ್ತು, ನೈಟಿಯಾಕ್ಕೂ ಅದಿದೆ.

ಇದರ ಜೊತೆಗೇ ಡಿಪ್ಲೊಮಿಸ್ಟಸ್ ಎಂಬ ಮೀನೂ ಸಿಗುತ್ತದೆ. ಬೆಳೆದರೆ ಮೊಳದುದ್ದ ಮೀರುತ್ತದೆ, ಗುರುತು ಸುಲಭ. ಮರಿಯಾದರೆ ನೈಟಿಯಾ ಎಂದುಕೊಂಡೀರಿ! ಬಣ್ಣ, ಮಾಂಸ ಯಾವುದೂ ಉಳಿದಿಲ್ಲ, ಮೂಳೆಯನ್ನೇ ಕೇಳಬೇಕು. ಹೊಟ್ಟೆಯ ಹಿಂದೆ, ಬಾಲಕ್ಕೆ ಮುಂಚೆ ಇರುವ ಈಜುರೆಕ್ಕೆ ನೋಡಿ. ನೈಟಿಯಾದಲ್ಲಿ ಗಿಡ್ಡ. ಡಿಪ್ಲೊಮಿಸ್ಟಸ್‌ನಲ್ಲಿ ಬಾಲದ ಬುಡದವರೆಗೂ ಹಬ್ಬಿದ ಉದ್ದ ಪಟ್ಟಿ. ಬಾಯಿಯೂ ಮೇಲ್ಮುಖ, ನೀರಿನ ಮೇಲ್ಭಾಗದಲ್ಲಿ ಬೇಟೆಯಾಡುವ ಮೀನಿನ ಬಾಯಿ ಅದು.

ಕೆಲವು ಡಿಪ್ಲೊಮಿಸ್ಟಸ್‌ಗಳ ಬಾಯಲ್ಲಿ ಇನ್ನೊಂದು ಮೀನು ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಿದೆ. ನುಂಗಲೂ ಆಗದೆ, ಉಗುಳಲೂ ಆಗದೆ ಎರಡೂ ಸತ್ತಿರಬೇಕು. ಪಾಪ, ಆಸೆಬುರುಕ!

1972ರಿಂದ ಈ ಬೆಟ್ಟ ರಾಷ್ಟ್ರೀಯ ಸ್ಮಾರಕ, ಒಂದು ಚೂರೂ ಒಯ್ಯುವಂತಿಲ್ಲ. ಸುತ್ತಮುತ್ತಲ ಖಾಸಗಿ ಕಲ್ಲುಗಣಿಗಳಲ್ಲಿ ಮಾತ್ರ ದುಡ್ಡು ಕೊಟ್ಟರೆ ಉಳಿ, ಸುತ್ತಿಗೆ ಹಿಡಿದು ನೀವೇ ಕಲ್ಲು ಸೀಳಬಹುದು.