ಕೆಟ್ಟ ಸ್ಲೇಟಿನ ಮೇಲೆ ಬರೆದ ದೂರು

ಶಿಕಾಗೋ ಹತ್ತಿರದ ಒಂದು ಊರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಪ್ಯಾಕ್‌ಮ್ಯಾನ್ ಯಂತ್ರ ಇತ್ತು. ಫೋನಿನಲ್ಲಿ ಆಡುವ ಪ್ಯಾಕ್‌ಮ್ಯಾನ್ ಅಲ್ಲ. ಆಳೆತ್ತರದ ಹಳದಿ ಮರದ ಪೆಟ್ಟಿಗೆ, ಅದರ ಹೊಟ್ಟೆಯಲ್ಲಿ ಹಳೇ ಟಿವಿ ಥರದ ದಪ್ಪ ಪಿಕ್ಚರ್ ಟ್ಯೂಬು, ಮುಂದೆ ಒಂದು ಜಾಯ್‌ಸ್ಟಿಕ್, ಮೊಣಕಾಲಿನ ಹತ್ತಿರ ಕಾಸು ಹಾಕುವ ಕಿಂಡಿ. ಮನೆ ಓನರ್ ತಾತ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು, ನಾವು ಮೇಲೆ. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೀತಾರೆ. ಎಪ್ಪತ್ತು ದಾಟಿದವರನ್ನು ಹಾಗೆ ಕರೆಯೋಕೆ ನನಗೆ ಬಾಯಿ ಬರಲಿಲ್ಲ. ಒಂದೂವರೆ ವರ್ಷವೂ 'ಸರ್' ಅಂತಲೇ ಕಾಲ ಹಾಕಿದೆ.

ನಮ್ಮೂರಲ್ಲಿ ಇಂಥದ್ದೆಲ್ಲ ಎಲ್ಲಿತ್ತು ಹೇಳಿ. ಜಾತ್ರೆಗೆ ಬರುತ್ತಿದ್ದ ಒಂದು ವಿಡಿಯೋ ಗೇಮ್ ಟೆಂಟಿನ ಮುಂದೆ, ಒಳಗೆ ಹೋಗಲು ಕಾಸಿಲ್ಲದೆ, ಬೇರೆ ಹುಡುಗರು ಆಡೋದನ್ನು ಸಂದಿಯಲ್ಲಿ ನೋಡಿದ್ದಷ್ಟೇ ನನ್ನ ಅನುಭವ. ಹಾಗಾಗಿ ತಾತ ಒಂದು ಸಂಜೆ "ಇದು ಕೆಟ್ಟಿದೆ, ನೀನು ಇಂಜಿನಿಯರ್ ಅಲ್ವಾ, ಸ್ವಲ್ಪ ನೋಡ್ತೀಯಾ?" ಅಂತ ಕೇಳಿದಾಗ ಹಿಂದೆ ಮುಂದೆ ನೋಡದೆ ಹೂಂ ಅಂದುಬಿಟ್ಟೆ. ನಾನು ಬಿಇ ಎಲೆಕ್ಟ್ರಾನಿಕ್ಸ್ ಹೌದು. ಆದರೆ ಕೆಲಸಕ್ಕೆ ಸೇರಿದ ಮೇಲೆ ಸೋಲ್ಡರಿಂಗ್ ಐರನ್ ಮುಟ್ಟಿದವನಲ್ಲ. ಅದನ್ನು ಮಾತ್ರ ಹೇಳಲಿಲ್ಲ.

ಆಮೇಲೆ ಗೊತ್ತಾಯಿತು, ತಾತ ಮನೆ ಮಾರುತ್ತಿದ್ದರು. ಯಂತ್ರಕ್ಕೂ ಒಬ್ಬ ಗಿರಾಕಿ ಸಿಕ್ಕಿದ್ದ, ಮುಂದಿನ ಶನಿವಾರ ಬರುವವನಿದ್ದ. ಯಂತ್ರ ಓಡಿದರೆ ಇದ್ದ ಹಾಗೇ ಒಯ್ಯುತ್ತೇನೆ, ಓಡದಿದ್ದರೆ ಒಳಗಿನ ಬೋರ್ಡು ಕಿತ್ತೆಸೆದು ಅರವತ್ತು ಆಟ ಇರುವ ಹೊಸ ಬೋರ್ಡ್ ಹಾಕಿಕೊಳ್ಳುತ್ತೇನೆ ಅಂದಿದ್ದನಂತೆ. ತಾತನಿಗೆ ಅದು ಇಷ್ಟವಿರಲಿಲ್ಲ. ಯಾಕೆ ಅನ್ನೋದು ಹಿಂದಿನ ಬಾಗಿಲು ತೆಗೆದಾಗ ತಿಳಿಯಿತು. ಒಳಗಿನ ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಸಾಲಾಗಿ ಅಂಕಗಳು, ಪಕ್ಕದಲ್ಲಿ ತಾರೀಖು, ಒಂದು ಮಗುವಿನ ಸೊಟ್ಟ ಅಕ್ಷರ. ಈ ಯಂತ್ರಕ್ಕೆ ನೆನಪಿನ ಶಕ್ತಿ ಕರೆಂಟ್ ಇರುವ ತನಕ ಮಾತ್ರ. ಸ್ವಿಚ್ ಆರಿಸಿದರೆ ಹೈ ಸ್ಕೋರ್ ಕೂಡ ಹೋಯಿತು. ಅದಕ್ಕೇ ಅವರ ಮಗ ಹಲಗೆಯ ಮೇಲೆ ಬರೆದಿಡುತ್ತಿದ್ದ. ಮಗ ಈಗ ಬೇರೆ ರಾಜ್ಯದಲ್ಲಿದ್ದಾನೆ ಅಂದರು, ಅಷ್ಟೇ. ನಾನೂ ಮುಂದೆ ಕೇಳಲಿಲ್ಲ.

ಮೊದಲ ದಿನ ಸ್ವಿಚ್ ಹಾಕಿದೆ. ಪ್ಯಾಕ್‌ಮ್ಯಾನ್ ಆನ್ ಆದ ತಕ್ಷಣ ತೆರೆಯ ತುಂಬ ಕಸ ಚೆಲ್ಲಿದ ಹಾಗೆ ಅಕ್ಷರಗಳು ಬರುತ್ತವೆ. ಅದು ರೋಗ ಅಲ್ಲ, ಯಂತ್ರ ತನ್ನ ಮೆಮೊರಿಯನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದು. ಎಲ್ಲ ಸರಿಯಿದ್ದರೆ 'ಮೆಮೊರಿ ಓಕೆ' ಅಂತ ಬರೆದು ಮುಂದೆ ಹೋಗುತ್ತದೆ. ಇಲ್ಲಿ ಮುಂದೆ ಹೋಗಲಿಲ್ಲ. ತೆರೆಯ ಮೇಲೆ ಬಿ, ಒಂದು ಖಾಲಿ ಜಾಗ, ಡಿ. ಇನ್ನೊಂದು ಕಡೆ ವಿ. ಮತ್ತೊಂದು ಕಡೆ ಆರ್, ಖಾಲಿ ಜಾಗ, ಎಲ್. ಇದೇನು ಭಾಷೆಯೋ ಅಂತ ತಲೆ ಕೆರೆದುಕೊಂಡು ಒಂದು ಫೋಟೋ ತೆಗೆದಿಟ್ಟುಕೊಂಡೆ.

ಯಾವ ರಿಪೇರಿಯವನಾದರೂ ಮೊದಲು ಮಾಡೋದು ವೋಲ್ಟೇಜ್ ನೋಡೋದು. ಬೋರ್ಡಿನ ಅಂಚಿನಲ್ಲಿ 44 ಪಿನ್ನಿನ ಕನೆಕ್ಟರ್ ಇದೆ. ಅದು ಕಾದು ಕಾದು ಕಪ್ಪಾಗೋದು ಪ್ಯಾಕ್‌ಮ್ಯಾನಿನ ಹಳೇ ಕಾಯಿಲೆ. ಇದೂ ಕಪ್ಪಾಗಿತ್ತು. 5 ವೋಲ್ಟ್ ಇರಬೇಕಾದ ಕಡೆ 4.6 ಇತ್ತು. ಶಾಲೆ ಮಕ್ಕಳ ರಬ್ಬರಿನಲ್ಲಿ ಉಜ್ಜಿ ಉಜ್ಜಿ ತಾಮ್ರ ಹೊಳೆಯುವ ಹಾಗೆ ಮಾಡಿದೆ, 5 ಬಂತು. ತೆರೆಯ ಮೇಲೆ ಮಾತ್ರ ಅದೇ ಬಿ, ಖಾಲಿ, ಡಿ. (ಪಿಕ್ಚರ್ ಟ್ಯೂಬಿನ ಹತ್ತಿರ ಮಾತ್ರ ಕೈ ಹಾಕಬೇಡಿ. ಆರಿಸಿದ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.)

ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದಾಗ ಬೋರ್ಡ್ ತೋರಿಸಿದೆ. ಅಪ್ಪ ನಮ್ಮೂರ ಸುತ್ತಮುತ್ತ ಪಂಪ್‌ಸೆಟ್ ರಿಪೇರಿ ಮಾಡಿದವರು. "ಯಾವುದು ಬಿಸಿ ಐತೆ ಮುಟ್ಟಿ ನೋಡ್ಲಾ, ಕೆಟ್ಟಿದ್ದು ಕಾಯ್ತದೆ" ಅಂದರು. ಮುಟ್ಟಿ ನೋಡಿದೆ. ಎಲ್ಲವೂ ಬಿಸಿ. ಆ ಕಾಲದ ಮೆಮೊರಿ ಚಿಪ್ಪುಗಳು ಚೆನ್ನಾಗಿದ್ದಾಗಲೂ ಕಾಯುತ್ತವೆ ಕಣ್ರೀ. "ಹಂಗಾದ್ರೆ ನಂಗೊತ್ತಿಲ್ಲಪ್ಪ, ನೀನೇ ಓದಿರೋನು" ಅಂತ ಅಪ್ಪ ಫೋನನ್ನು ಅಮ್ಮನ ಕೈಗೆ ಕೊಟ್ಟರು.

ಓದಿರೋನು! ಮೈಕ್ರೋಪ್ರೊಸೆಸರ್ ಪರೀಕ್ಷೆಗೆ ನಾನು ಉರು ಹೊಡೆದ ಪ್ರಶ್ನೆಗಳಲ್ಲಿ ಇದೇ ಚಿಪ್ಪಿನದ್ದು ಒಂದಿತ್ತು. 2114. ಹದಿನೆಂಟು ಕಾಲು, ಒಳಗೆ 1024 ಮನೆ, ಒಂದೊಂದು ಮನೆಯಲ್ಲಿ ನಾಲ್ಕೇ ಬಿಟ್. ಪ್ರೊಸೆಸರಿಗೆ ಎಂಟು ಬಿಟ್ ಬೇಕು, ಹಾಗಾಗಿ ಎರಡನ್ನು ಪಕ್ಕಪಕ್ಕ ಜೋಡಿಸಬೇಕು, ಒಂದು ಕೆಳಗಿನ ನಾಲ್ಕು ಬಿಟ್ಟಿಗೆ, ಇನ್ನೊಂದು ಮೇಲಿನ ನಾಲ್ಕಕ್ಕೆ. ಚಿತ್ರ ಬರೆದು ಹತ್ತಕ್ಕೆ ಹತ್ತು ತಗೊಂಡಿದ್ದೆ. ಚಿಪ್ಪನ್ನು ಕಣ್ಣಲ್ಲಿ ನೋಡಿರಲಿಲ್ಲ. ಲ್ಯಾಬಿನಲ್ಲಿ ಕಿಟ್ ಕೆಟ್ಟರೆ ಪಕ್ಕಕ್ಕಿಟ್ಟು ಬೇರೆ ಕಿಟ್ಟಿನ ಮುಂದೆ ನಿಲ್ಲಿಸುತ್ತಿದ್ದರು. ಯಾಕೆ ಕೆಟ್ಟಿತು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಪ್ಯಾಕ್‌ಮ್ಯಾನಿನಲ್ಲಿ ಇಂಥ ಮೂರು ಜೋಡಿ ಇವೆ. ತೆರೆಯ ಮೇಲೆ ಎಲ್ಲೆಲ್ಲಿ ಯಾವ ಅಕ್ಷರ ಅನ್ನೋದಕ್ಕೆ ಒಂದು ಜೋಡಿ, ಅದರ ಬಣ್ಣಕ್ಕೆ ಒಂದು, ಆಟದ ಲೆಕ್ಕಾಚಾರಕ್ಕೆ ಒಂದು. ಒಂದೊಂದು ಜೋಡಿಗೂ ಒಂದು ಕೆಬಿ. ಆಫೀಸಿನಲ್ಲಿ ನಾನು ಬರೆಯುವ ಪ್ರೋಗ್ರಾಮ್ ಬರೀ ಎದ್ದು ಆಕಳಿಸೋಕೇ ಇದರ ಲಕ್ಷ ಪಾಲು ತಿನ್ನುತ್ತದೆ. ಕಮ್ಮಿ ಬಿದ್ದರೆ ಇನ್ನಷ್ಟು ಕೊಡಿ ಅಂತ ಟಿಕೆಟ್ ಹಾಕುತ್ತೇವೆ.

ಆ ರಾತ್ರಿ ನಿದ್ದೆ ಬರದೆ ಫೋಟೋ ನೋಡುತ್ತಾ ಮಲಗಿದ್ದಾಗ ಹೊಳೆಯಿತು. ಯಂತ್ರ ಬರೆಯಲು ಹೊರಟಿದ್ದು ಬಿ, ಎ, ಡಿ. ಕೆಟ್ಟಿದೆ ಅಂತ. ಆರ್, ಎ, ಎಮ್. ರ‍್ಯಾಮ್ ಕೆಟ್ಟಿದೆ. ವಿ ಅಂದರೆ ವಿಡಿಯೋ. ಎ ಅಕ್ಷರದ ಸಂಖ್ಯೆ 65. ಪ್ಯಾಕ್‌ಮ್ಯಾನಿನಲ್ಲಿ ಖಾಲಿ ಜಾಗದ ಸಂಖ್ಯೆ 64. ಎಮ್ 77, ಎಲ್ 76. ಬೆಸ ಸಂಖ್ಯೆ ಎಲ್ಲ ಒಂದು ಕಳೆದುಕೊಂಡು ಸಮ ಆಗುತ್ತಿವೆ! ಬಿ, ಡಿ, ಆರ್, ವಿ ಮೊದಲೇ ಸಮ ಸಂಖ್ಯೆಗಳು, ಹಾಗಾಗಿ ಅವಕ್ಕೆ ಏನೂ ಆಗಿಲ್ಲ. ಅಂದರೆ ವಿಡಿಯೋ ಮೆಮೊರಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಬಿಟ್ ಸೊನ್ನೆಯಲ್ಲೇ ಕಚ್ಚಿಕೊಂಡಿದೆ. ಸ್ಲೇಟು ಕೆಟ್ಟಿದೆ ಅನ್ನುವ ದೂರನ್ನು ಪಾಪ ಆ ಕೆಟ್ಟ ಸ್ಲೇಟಿನ ಮೇಲೇ ಬರೆದಿತ್ತು. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. "ಬೆಳಿಗ್ಗೆ ಹೇಳಿ" ಅಂತ ಮಗ್ಗುಲಾದಳು.

ಇಷ್ಟು ಗೊತ್ತಾದ ಮೇಲೂ ಎಡವಟ್ಟು ಮಾಡಿದೆ ನೋಡಿ. ಕೆಳಗಿನ ನಾಲ್ಕು ಬಿಟ್ಟಿನ ಚಿಪ್ಪೇ ಕಳ್ಳ ಅಂತ ಲೆಕ್ಕ ಹೇಳುತ್ತಿತ್ತು. ಖಾತ್ರಿ ಮಾಡಿಕೊಳ್ಳಲು, ತರಿಸಿಟ್ಟುಕೊಂಡಿದ್ದ ಒಂದು 2114 ಅನ್ನು ಅದರ ಮೇಲೆ ಕಾಲಿಗೆ ಕಾಲು ತಾಗುವಂತೆ ಸವಾರಿ ಕೂರಿಸಿ ಸ್ವಿಚ್ ಹಾಕಿದೆ. ಕೆಟ್ಟ ಚಿಪ್ಪು ಸುಮ್ಮನೆ ಮೂಕವಾಗಿದ್ದರೆ ಮೇಲಿನ ಚಿಪ್ಪು ಅದರ ಬದಲು ಮಾತಾಡುತ್ತದೆ, ಯಂತ್ರ ಎದ್ದು ಕೂರುತ್ತದೆ. ಇಲ್ಲಿ ಏನೂ ಬದಲಾಗಲಿಲ್ಲ. ಓಹೋ, ಹಾಗಾದರೆ ಇದು ಸರಿಯಿದೆ, ನನ್ನ ಲೆಕ್ಕವೇ ತಿರುಗುಮುರುಗಾಗಿದೆ ಅಂದುಕೊಂಡು ಪಕ್ಕದ ಚಿಪ್ಪನ್ನು ಕಿತ್ತೆ. ಶನಿವಾರಕ್ಕೆ ಮೂರೇ ದಿನ ಇತ್ತು, ಅವಸರ. ಐರನ್ ಜಾಸ್ತಿ ಹೊತ್ತು ಇಟ್ಟೆ. ಒಂದು ಕಾಲಿನ ಜೊತೆ ಬೋರ್ಡಿನ ತಾಮ್ರದ ಉಂಗುರವೂ ಎದ್ದು ಬಂತು, ಅದಕ್ಕೆ ಅಂಟಿದ ಟ್ರ್ಯಾಕ್ ತುಂಡಾಯಿತು. ಮುರಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಒತ್ತಿದರೆ ಅಂಟಿಕೊಳ್ಳುತ್ತೆ ಅನ್ನೋ ಹಾಗೆ.

ತಾತ ಬಾಗಿಲಲ್ಲಿ ನಿಂತು "ಹೇಗೆ ನಡೀತಿದೆ?" ಅಂದರು. "ಚೆನ್ನಾಗಿದೆ ಸರ್" ಅಂದೆ.

ಒಂದು ರಾತ್ರಿ, ಒಂದು ಹಗಲು ಸುಮ್ಮನಿದ್ದೆ. ಆಫೀಸಿನಲ್ಲಿ ಪ್ರೊಡಕ್ಷನ್‌ನಲ್ಲಿ ಏನಾದರೂ ಮುರಿದರೆ ಹತ್ತು ನಿಮಿಷದಲ್ಲಿ ಹಿಂದಿನ ವರ್ಷನ್ನಿಗೆ ಹೋಗುತ್ತೇವೆ, ಯಾರಿಗೂ ಗೊತ್ತಾಗೋದಿಲ್ಲ. ಕಿತ್ತ ತಾಮ್ರಕ್ಕೆ ಹಿಂದಿನ ವರ್ಷನ್ ಇಲ್ಲ. ಹೇಳದೇ ಇದ್ದಿದ್ದರೂ ನಡೆಯುತ್ತಿತ್ತು. "ಬೋರ್ಡ್ ಹಳೇದು ಸರ್, ಆಗಲ್ಲ" ಅಂದಿದ್ದರೆ ಅವರು ನಂಬುತ್ತಿದ್ದರು. ನಿಜ ಹೇಳಬೇಕೆಂದರೆ ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಎರಡು ಮೂರು ಸಲ ಮನಸ್ಸಿನಲ್ಲೇ ರೆಡಿ ಮಾಡಿಕೊಂಡಿದ್ದೆ ಕೂಡ. ಗುರುವಾರ ಸಂಜೆ ಕೆಳಗೆ ಹೋಗಿ, ಸರಿಯಿದ್ದ ಚಿಪ್ಪನ್ನು ಕಿತ್ತು ಬೋರ್ಡ್ ಹಾಳು ಮಾಡಿದ್ದೇನೆ, ಈ ಕೆಲಸ ಮಾಡಿ ನನಗೆ ಅಭ್ಯಾಸವಿಲ್ಲ, ಮೊದಲೇ ಹೇಳಬೇಕಿತ್ತು ಅಂದೆ. ತಾತ ಕನ್ನಡಕ ಹಾಕಿಕೊಂಡು ಬೋರ್ಡನ್ನು ಬೆಳಕಿಗೆ ಹಿಡಿದರು. ಅವರ ಕೈ ನಡುಗುತ್ತದೆ, ಅದಕ್ಕೇ ಅವರಿಗೆ ಸೋಲ್ಡರ್ ಮಾಡಲು ಆಗದು. ತುಂಬ ಹೊತ್ತು ನೋಡಿ, "ಈ ದಾರಿ ಎಲ್ಲಿಗೆ ಹೋಗುತ್ತೆ?" ಅಂದರು. ತೋರಿಸಿದೆ. "ಹಾಗಾದರೆ ಅಲ್ಲಿಂದ ಇಲ್ಲಿಗೆ ಒಂದು ವೈರು ಹಾಕು" ಅಂದು ಗ್ಯಾರೇಜಿನಿಂದ ಒಂದು ಲಾಜಿಕ್ ಪ್ರೋಬ್ ತಂದು ಕೈಗಿಟ್ಟರು. ಪೆನ್ನಿನ ಥರ ಇರುತ್ತದೆ, ತುದಿಯನ್ನು ಕಾಲಿಗೆ ತಾಗಿಸಿದರೆ ಅಲ್ಲಿ ಒಂದಿದೆಯೋ ಸೊನ್ನೆಯಿದೆಯೋ ದೀಪ ಹೇಳುತ್ತದೆ. ಇದನ್ನು ಮೊದಲೇ ಕೊಡಬಾರದಿತ್ತಾ ಅನ್ನಿಸಿತು. ನಾನು ಕೇಳಿದ್ದರೆ ತಾನೇ.

ಪ್ರೋಬ್ ಇಟ್ಟು ನೋಡಿದರೆ ಎಲ್ಲ ಬಿಚ್ಚಿಕೊಂಡಿತು. ನಾನು ಮೊದಲು ಹಿಡಿದ ಚಿಪ್ಪಿನ ನಾಲ್ಕು ಡೇಟಾ ಕಾಲುಗಳಲ್ಲಿ ಮೂರು ಮಿಣಮಿಣ ಅನ್ನುತ್ತಿದ್ದವು. ಒಂದು ಮಾತ್ರ ಸೊನ್ನೆಯಲ್ಲೇ ಸತ್ತು ಬಿದ್ದಿತ್ತು. ಅದು ಮೂಕ ಆಗಿರಲಿಲ್ಲ, ಹಟಮಾರಿ. ತಾನೇ ನೆಲಕ್ಕೆ ಎಳೆದು ಹಿಡಿದಿತ್ತು, ಮೇಲೆ ಕೂತ ಒಳ್ಳೇ ಚಿಪ್ಪು ಎಷ್ಟು ಎತ್ತಿದರೂ ಏಳಲಿಲ್ಲ. ಸವಾರಿ ಪರೀಕ್ಷೆ ಪಾಸಾದರೆ ಕೆಳಗಿನ ಚಿಪ್ಪು ಕೆಟ್ಟಿದೆ ಅನ್ನಬಹುದು. ಫೇಲಾದರೆ ಏನೂ ಹೇಳಿದ ಹಾಗಾಗುವುದಿಲ್ಲ. ಬಣ್ಣದ ಜೋಡಿ, ಲೆಕ್ಕದ ಜೋಡಿ ಎರಡನ್ನೂ ಯಂತ್ರ ದೂರಿರಲಿಲ್ಲ, ಆದ್ದರಿಂದ ಪ್ರೊಸೆಸರಿನಿಂದ ಬರುವ ದಾರಿಯ ಮೇಲೂ ಅನುಮಾನವಿರಲಿಲ್ಲ.

ಈ ಸಲ ಚಿಪ್ಪನ್ನು ಉಳಿಸುವ ಆಸೆಯನ್ನೇ ಬಿಟ್ಟೆ. ಕಾಲುಗಳನ್ನು ಕಟರಿನಲ್ಲಿ ಒಂದೊಂದಾಗಿ ಕತ್ತರಿಸಿ, ತುಂಡುಗಳನ್ನು ಮಾತ್ರ ಬಿಸಿ ಮಾಡಿ ಎಳೆದೆ. ಚಿಪ್ಪು ಹೋದರೆ ಹೋಗಲಿ, ತಾಮ್ರ ಉಳಿಯಬೇಕು. ಎರಡೂ ಕಡೆ ಸಾಕೆಟ್ ಕೂರಿಸಿದೆ, ಕಿತ್ತ ಟ್ರ್ಯಾಕಿನ ಮೇಲೆ ಕೂದಲಿನಂಥ ನೀಲಿ ವೈರು ಎಳೆದೆ. ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಸ್ವಿಚ್ ಹಾಕಿದಾಗ ಕಸ ಬಂತು, ಕಸ ಹೋಯಿತು, 'ಮೆಮೊರಿ ಓಕೆ' ಅಂತ ಬಂತು. ಎ ತನ್ನ ಜಾಗದಲ್ಲಿ ಇಲ್ಲದೇ ಹೋಗಿದ್ದನ್ನು ಐದು ದಿನ ನೋಡಿದ್ದೆನಲ್ಲ, ಈಗ 'ಪ್ಲೇಯರ್' ಅನ್ನುವ ಪದದಲ್ಲಿ ಅದು ಕೂತಿರೋದು ನೋಡಿ ಗಂಟಲು ಕಟ್ಟಿತು.

ತಾತ ನೈಟ್ ಡ್ರೆಸ್ಸಿನಲ್ಲೇ ಇಳಿದು ಬಂದರು. ಕೈ ನಡುಗುತ್ತಿದ್ದರೂ ಜಾಯ್‌ಸ್ಟಿಕ್ ಹಿಡಿದರೆ ನಿಂತುಬಿಡುತ್ತಿತ್ತು. ಮೊದಲ ಮನೆ ದಾಟಿದರು, ಎರಡನೆಯದರಲ್ಲಿ ಸತ್ತರು. 4,310. ಆಮೇಲೆ ನಾನು. ನಾಲ್ಕು ಭೂತಗಳೂ ನನ್ನನ್ನೇ ಕಾದಿದ್ದ ಹಾಗೆ ಬಂದವು. 1,870. ತಾತ ಡ್ರಾಯರಿನಿಂದ ಪೆನ್ಸಿಲ್ ತಂದು ಹಿಂದಿನ ಹಲಗೆಯ ಮೇಲೆ, ಮಗ ಬರೆದ ಕೊನೇ ಸಾಲಿನ ಕೆಳಗೆ, ಎರಡನ್ನೂ ಬರೆದರು. ನನ್ನ ಹೆಸರಿನ ಸ್ಪೆಲ್ಲಿಂಗ್ ಕೇಳಿದರು, ಹೇಳಿದೆ, ಆದರೂ ತಪ್ಪು ಬರೆದರು.

ಶನಿವಾರ ಗಿರಾಕಿ ಬಂದ. ಒಂದು ಆಟ ಆಡಿ, ದುಡ್ಡು ಎಣಿಸಿ ಕೊಟ್ಟು, ಮೂವರು ಸೇರಿ ಯಂತ್ರವನ್ನು ವ್ಯಾನಿಗೆ ಏರಿಸಿದೆವು. ಮೆಟ್ಟಿಲಿನಲ್ಲಿ ಎತ್ತುವಾಗ ತಾತ ಹಿಂದಿನ ಬಾಗಿಲಿನ ಮೇಲೆ ಕೈಯಿಟ್ಟು, ಈ ಹಲಗೆಗೆ ಬಣ್ಣ ಹೊಡೀಬೇಡಪ್ಪ ಅಂತ ಅವನಿಗೆ ಎರಡು ಸಲ ಹೇಳಿದರು. ಕಾಲು ಕತ್ತರಿಸಿದ ಆ ಚಿಪ್ಪು ಈಗ ಬೆಂಗಳೂರಿನ ನಮ್ಮ ಮನೆಯಲ್ಲಿ ನನ್ನ ಪೆನ್‌ಸ್ಟ್ಯಾಂಡಿನಲ್ಲಿದೆ. ಹೆಂಡತಿ ಎರಡು ಸಲ ಕಸಕ್ಕೆ ಹಾಕಿದಳು. ಎರಡು ಸಲವೂ ಹುಡುಕಿ ತೆಗೆದಿದ್ದೇನೆ.