ಹಿಂಬಾಗಿಲ ಲೋಟ

ನಮ್ಮ ಮನೆಯಲ್ಲಿ ಜಾತಿ ಗೀತಿ ಏನೂ ಇಲ್ಲ ಎಂದು ನೀವೂ ಹೇಳುತ್ತೀರಿ, ನಾನೂ ಹೇಳುತ್ತಿದ್ದೆ. ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರ (1859–1928) ಬಗ್ಗೆ ಮಗಳಿಗೆ ಭಾಷಣ ಬರೆದುಕೊಟ್ಟವಳು ನಾನೇ. ಬಹುಮಾನವೂ ಬಂದಿತ್ತು!

ನಮ್ಮದು ಬಂಟ್ವಾಳ. ಮಳೆಗಾಲಕ್ಕೆ ಮುಂಚೆ ಕೊರಗರ ಹೆಂಗಸೊಬ್ಬರು ಬಳ್ಳಿಯ ಬುಟ್ಟಿ ತರುತ್ತಾರೆ. ನಾನು ಚೌಕಾಶಿ ಮಾಡುವವಳಲ್ಲ. ಸೀರೆ ಕೊಟ್ಟಿದ್ದೇನೆ, ತಿಂಡಿ, ಬಿಸಿ ಕಾಫಿ ಕೊಟ್ಟಿದ್ದೇನೆ. ನನ್ನಂಥವಳಲ್ಲಿ ಭೇದಭಾವ ಎಲ್ಲಿಂದ ಬರಬೇಕು, ಹೇಳಿ?

ಕಳೆದ ರಜೆಯಲ್ಲಿ, ಮೂಡುಬಿದಿರೆಯಲ್ಲಿ ಓದುವ ಮಗಳು ಗೆಳತಿಯನ್ನು ಕರೆತಂದಳು. ಚುರುಕಿನ ಹುಡುಗಿ. ನಾನು ನೀರುದೋಸೆ ಎರೆಯುತ್ತಿದ್ದರೆ ಪಕ್ಕದಲ್ಲೇ ಕೂತು ಕಾಯಿ ತುರಿದು ಕೊಟ್ಟಳು. ಊರು ಬೆಳ್ತಂಗಡಿ ಕಡೆ ಎಂದಳು. ನನ್ನ ತವರೂ ಅಲ್ಲೇ ಅಲ್ಲವೇ? ಯಾರ ಪೈಕಿ ಎಂದು ಕೇಳಿಯೇಬಿಟ್ಟೆ.

"ನಾವು ಕೊರಗರು" ಎಂದಳು.

"ಹೌದಾ! ನೋಡಿದರೆ ಗೊತ್ತೇ ಆಗುವುದಿಲ್ಲ ಮಗಾ" ಎಂದೆ. ಪ್ರೀತಿಯಿಂದಲೇ ಹೇಳಿದ್ದು. ಹುಡುಗಿ ನಕ್ಕಳು. ಆದರೆ ಕಾಯಿ ತುರಿಯುವ ಕೈ ನಿಂತಿತು.

ರಾತ್ರಿ ಮಗಳು ಕೇಳಿದಳು, "ಅಮ್ಮಾ, ನೀನು ಅವಳನ್ನು ಹೊಗಳಿದ್ದಾ, ಅವಳ ಅಮ್ಮನನ್ನು ಬೈದದ್ದಾ?"

ನನಗೆ ಸಿಟ್ಟೇ ಬಂತು. "ನಾನು ಎಂತ ತಪ್ಪು ಹೇಳಿದೆ ಮಾರಾಯ್ತಿ?"

ಅವಳು ಹಿಂಬಾಗಿಲ ಕಡೆ ಕೈ ತೋರಿಸಿದಳು. "ಹಾಗಾದರೆ ಆ ಲೋಟ ಯಾರದ್ದು?"

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕವುಚಿಟ್ಟ ಸ್ಟೀಲ್ ಲೋಟ. ಬುಟ್ಟಿಯವರಿಗೆ ಕಾಫಿ ಅದರಲ್ಲೇ. ಅತ್ತೆಯ ಕಾಲದಲ್ಲಿ ಅಲ್ಲಿ ಗೆರಟೆ ಇತ್ತಂತೆ. ಅದನ್ನು ಎಸೆದು ಲೋಟ ಇಟ್ಟವಳು ನಾನು. ದೊಡ್ಡ ಸುಧಾರಣೆ ಎಂದುಕೊಂಡಿದ್ದೆ. ಇಪ್ಪತ್ತು ವರ್ಷಗಳಲ್ಲಿ ಒಂದು ದಿನವೂ ಆ ಲೋಟ ಒಳಗೆ ಬಂದಿಲ್ಲ.

ನಮ್ಮ ಜಿಲ್ಲೆಯಲ್ಲಿ ಅಜಲು ಎಂಬ ಪದ್ಧತಿ ಇತ್ತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸಿ, ನಮ್ಮ ಪೀಡೆ ಕಳೆಯಿತು ಎಂದುಕೊಳ್ಳುವುದು. 2000ರಲ್ಲಿ ಸರ್ಕಾರ ಕಾಯ್ದೆ ತಂದು ಅದನ್ನು ನಿಷೇಧಿಸಿತು. ಛೀ, ಎಂಥ ಜನ ಎಂದಿದ್ದೆ ನಾನು. ಆದರೆ ಹಾಗೆ ಉಣ್ಣಿಸಿದ ತಾಯಂದಿರೂ ದುಷ್ಟರಲ್ಲ. ತಮ್ಮ ಮಗು ಚೆನ್ನಾಗಿರಲಿ ಎಂದು ಬಯಸಿದವರೇ. ಒಳ್ಳೆಯ ಮನಸ್ಸೊಂದಿದ್ದರೆ ಸಾಕಾಗುವುದಿಲ್ಲ ನೋಡಿ.

ಈ ಸಲ ಬುಟ್ಟಿಯವರನ್ನು ಜಗಲಿಯಲ್ಲಿ ಕೂರಿಸಿ, ನಾವು ಕುಡಿಯುವ ಲೋಟದಲ್ಲೇ ಕಾಫಿ ಕೊಟ್ಟೆ. ಅವರು ಕುಡಿದು ಎದ್ದು, ಲೋಟ ತೊಳೆದು, ಅಭ್ಯಾಸದಂತೆ ಆ ಕಲ್ಲಿನ ಮೇಲೇ ಕವುಚಿಟ್ಟು ಹೋದರು. ನಾನು ಅದನ್ನು ಎತ್ತಿ ಒಳಗೆ ತಂದೆ. ಉಳಿದ ಲೋಟಗಳ ಜೊತೆ ಇಡುವಾಗ ಒಂದು ಕ್ಷಣ ಕೈ ತಡೆಯಿತು. ನಿಮ್ಮೆದುರು ಸುಳ್ಳೇಕೆ? ಆಮೇಲೆ ಇಟ್ಟೆ.

ಆ ಹುಡುಗಿಯ ಕ್ಷಮೆ ಕೇಳುವುದು ಇನ್ನೂ ಬಾಕಿ ಇದೆ. ಮುಂದಿನ ರಜೆಗೆ ಅವಳನ್ನೂ ಕರೆದುಕೊಂಡು ಬಾ ಎಂದು ಮಗಳಿಗೆ ಹೇಳಿದ್ದೇನೆ.

ನೀವೂ ಒಮ್ಮೆ ನಿಮ್ಮ ಹಿಂಬಾಗಿಲು ತೆರೆದು ನೋಡಿ ಬನ್ನಿ.